ಒರೆಸದೆ ಇಟ್ಟ ರಿವಾಲ್ವರ್

ಶೆರಿಡನ್ ಊರಿನ ದನದ ಪ್ರದರ್ಶನದ ಶೆಡ್ಡಿನಲ್ಲಿ ಅಂದು ಹಳೆಯ ಬಂದೂಕು ಸಂಗ್ರಹಿಸುವವರ ಮೇಳ; ಬೆಳಗ್ಗೆಯೇ ಜನ ಸೇರಿದ್ದರು. ಥೈರಾ ಮೇಜಿನ ಮೇಲೆ ಹಸಿರು ಮಖಮಲ್ಲು ಹರಡಿ, ಗಂಡ ಓರ್ವಿಲ್ ಕಣ್ಣಲ್ಲೇ ತೋರಿಸಿದಂತೆ ರಿವಾಲ್ವರುಗಳನ್ನು ಜೋಡಿಸಿದಳು. ಮಾರ್ಚಿನಲ್ಲಿ ಲಕ್ವ ಹೊಡೆದ ಮೇಲೆ ಅವನ ಬಲಗೈ ಮಡಿಲಲ್ಲೇ ಮಲಗಿರುತ್ತಿತ್ತು. ಮಾತೂ ತಡೆತಡೆದು ಬರುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವನು ಗೆಳೆಯರ ನಡುವೆ ಬಂದು ಕೂತದ್ದು ಇದೇ ಮೊದಲು.

ಎಲ್ಲವೂ ಒಂದೇ ಜಾತಿಯವು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹಿಂಬದಿಯ ಪುಟ್ಟ ಸುತ್ತಿಗೆಯನ್ನು ಹಿಂದಕ್ಕೆಳೆಯಬೇಕಾದ ಹಳೆಯ ಕಾಲದ ರಿವಾಲ್ವರುಗಳು. ಒಂದರ ನಳಿಗೆ ಉದ್ದ, ಒಂದರದು ಗಿಡ್ಡ, ಒಂದರ ಹಿಡಿ ಆಕ್ರೋಟಿನ ಮರದ್ದು. ನಡುವೆ ಇದ್ದದ್ದು ಅಪರೂಪದ ಬಗೆ: ಖಾಲಿ ತೋಟೆಯನ್ನು ಹೊರಕ್ಕೆ ತಳ್ಳುವ ಕಡ್ಡಿಯೇ ಇಲ್ಲದೆ ಕಾರ್ಖಾನೆಯಿಂದ ಬಂದ ಗಿಡ್ಡ ರಿವಾಲ್ವರ್. ಅದಕ್ಕಾಗಿ ಓರ್ವಿಲ್ ಅರ್ಧ ಆಯುಷ್ಯ ಹುಡುಕಿದ್ದ. ಆ ಸಾಲಿಗೆ ಈ ಸಲವಾದರೂ ಮೊದಲ ಬಹುಮಾನದ ನೀಲಿ ರಿಬ್ಬನ್ ಸಿಗಲಿ ಎಂದು ಥೈರಾಳ ಆಸೆ. ಸಿಕ್ಕರೆ ಅವನ ಮುಖದಲ್ಲಿ ಮೊದಲಿನ ನಗು ಬರಬಹುದು.

ಅವಳೂ ತನ್ನ ಕೈಲಾದದ್ದು ಮಾಡಿದ್ದಳು. ಅವನು ಆಸ್ಪತ್ರೆಯಲ್ಲಿದ್ದಾಗ, ಮನೆಯಲ್ಲಿ ಕೈ ಕಟ್ಟಿ ಕೂರಲಾರದೆ, ಆ ಗಿಡ್ಡ ರಿವಾಲ್ವರನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಉಕ್ಕಿನ ನಾರಿನಿಂದಲೂ ಹೊಳಪಿನ ಪುಡಿಯಿಂದಲೂ ಉಜ್ಜಿ ಉಜ್ಜಿ ಅದರ ಕಂದು ಕೊಳೆಯನ್ನೆಲ್ಲ ತೆಗೆದಿದ್ದಳು. ಅದು ಬೆಳ್ಳಿ ಚಮಚದಂತೆ ಹೊಳೆಯತೊಡಗಿತು. ಮನೆಗೆ ಬಂದವನ ಕೈಗೆ ಕೊಟ್ಟಾಗ ಓರ್ವಿಲ್ ಬಹಳ ಹೊತ್ತು ನೋಡಿ, “ಚೆ... ಚೆನ್ನಾಗಿದೆ,” ಎಂದಿದ್ದ. ತಡವಾದದ್ದು ಲಕ್ವದಿಂದ ಎಂದುಕೊಂಡಿದ್ದಳು.

ಗೆಳೆಯರು ಬಂದರು. “ಏನೋ ಓರ್ವಿಲ್, ಸತ್ತೇ ಹೋದ ಅಂದ್ರಲ್ಲೋ! ನಿನ್ನ ರಿವಾಲ್ವರ್‌ಗಳಿಗೆ ಬೆಲೆ ಕಟ್ಟಿಟ್ಕೊಂಡಿದ್ದೆ ನಾನು,” ಎಂದನೊಬ್ಬ. ಓರ್ವಿಲ್ ಬಾಯಿಯ ಒಂದು ಬದಿಯಿಂದ ನಕ್ಕ.

ಈ ಜನರಲ್ಲೊಂದು ರೂಢಿ. ಕೇಳದೆ ಯಾರೂ ಇನ್ನೊಬ್ಬರ ರಿವಾಲ್ವರ್ ಮುಟ್ಟುವುದಿಲ್ಲ. ಮುಟ್ಟಿದ ಮೇಲೆ ಮೇಜಿನ ಎಣ್ಣೆಬಟ್ಟೆಯಿಂದ ಬೆರಳಿನ ಗುರುತು ಒರೆಸಿಯೇ ಕೆಳಗಿಡುತ್ತಾರೆ. ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆ. ಉದ್ದದ್ದನ್ನು ಎತ್ತಿದರು, ಒರೆಸಿಟ್ಟರು. ಮರದ ಹಿಡಿಯದನ್ನು ಎತ್ತಿದರು, ಒರೆಸಿಟ್ಟರು. ನಡುವಿನದನ್ನು ಎತ್ತಿದವರು ಮಾತ್ರ ಒರೆಸದೆ ಹಾಗೇ ಇಟ್ಟು, “ಎಷ್ಟು ಹೊಳೀತಿದೆ, ಥೈರಾ,” ಎಂದು ಕಾಫಿಯ ಕಡೆ ನಡೆದರು.

ಮೂರನೆಯವನೂ ಹಾಗೇ ಮಾಡಿದಾಗ ಥೈರಾ ಆ ರಿವಾಲ್ವರಿನ ಮೇಲೆ ಉಳಿದ ಬೆರಳಿನ ಗುರುತುಗಳನ್ನು ಬಗ್ಗಿ ನೋಡಿದಳು.

ಅಷ್ಟರಲ್ಲಿ ಡೆಲ್ಮರ್ ಸ್ಪ್ರೇಗ್ ಬಂದ. ಆ ವರ್ಷದ ತೀರ್ಪುಗಾರ ಅವನೇ. ಹೋದ ವರ್ಷ ಒಬ್ಬನ ರಿವಾಲ್ವರ್ ನೋಡಿ, “ಇದನ್ನ ಗೂಟದ ಹಾಗೆ ನೆಲಕ್ಕೆ ಹೊಡೆದು ನಾಯಿ ಕಟ್ಟು,” ಎಂದಿದ್ದವನು. ಅವನ ಬಾಯಿಗೆ ಸುಳ್ಳು ಒಗ್ಗುತ್ತಿರಲಿಲ್ಲ. ಅದಕ್ಕೇ ಥೈರಾ ಅವನನ್ನೇ ಕೇಳಿದಳು.

“ಡೆಲ್ಮರ್, ಇದನ್ನ ಮಾತ್ರ ಯಾಕೆ ಯಾರೂ ಒರೆಸ್ತಿಲ್ಲ?”

ಓರ್ವಿಲ್ ತಲೆ ಅಲ್ಲಾಡಿಸಿದ, ಬೇಡ ಬೇಡ ಎಂಬಂತೆ. ಡೆಲ್ಮರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಹಳೇ ಉಕ್ಕಿಗೆ ಆ ಕಂದು ಬಣ್ಣವೇ ಚರ್ಮ ಕಣಮ್ಮ. ನೂರು ವರ್ಷಕ್ಕೆ ಬರುತ್ತೆ. ಒಂದ್ಸಲ ಹೋದ್ರೆ ಮತ್ತೆ ಬರಲ್ಲ. ಇನ್ನು ಕಾಪಾಡೋಕೆ ಏನಿದೆ ಅಂತ ಯಾರೂ ಒರೆಸ್ತಿಲ್ಲ.”

ಥೈರಾ ಗಂಡನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತಾ?”

“ಮೊದ್ಲ... ದಿನಾನೇ.”

“ಮತ್ತೆ ಚೆನ್ನಾಗಿದೆ ಅಂದ್ಯಲ್ಲೋ!”

“ಚೆನ್ನಾಗೇ... ಇತ್ತು. ನೀನು ಒಬ್ಳೇ... ಕೂತು...” ಮಾತು ಅಲ್ಲಿಗೇ ನಿಂತಿತು. ಎಡಗೈಯಿಂದ ಉಜ್ಜುವ ಹಾಗೆ ಮಾಡಿ ತೋರಿಸಿದ.

ಅವಳು ಆ ರಿವಾಲ್ವರನ್ನು ಮೇಜಿನ ಕೆಳಗೆ ಸೇರಿಸಲು ಕೈ ಚಾಚಿದಳು. ಓರ್ವಿಲ್ ಅದರ ಮೇಲೆ ಎಡಗೈ ಊರಿದ. ಈ ಕಾಯಿಲೆಯಲ್ಲೂ ಅವನ ಹಟ ಕುಂದಿರಲಿಲ್ಲ.

“ತಡೀರಿ ಇಬ್ರೂ,” ಎಂದ ಡೆಲ್ಮರ್. “ಥೈರಾ, ಯಾವುದ್ರಲ್ಲಿ ಉಜ್ಜಿದೆ? ಎಲ್ಲಿ ಕೂತು?”

ಅವಳು ಕಣ್ಣೊರೆಸಿಕೊಂಡು ಹೇಳಿದಳು. ಪ್ರತಿ ರಿವಾಲ್ವರಿನ ಮುಂದೆಯೂ ಒಂದೊಂದು ಚೀಟಿ ಇತ್ತು, ಬಗೆಯ ಹೆಸರು ಬರೆದದ್ದು. ನಡುವಿನದರ ಚೀಟಿಯನ್ನು ತಿರುಗಿಸಿ, ಡೆಲ್ಮರ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಿಧಾನವಾಗಿ ಬರೆದು ಮುಂದಿಟ್ಟ.

“ಕಡ್ಡಿಯಿಲ್ಲದ ಗಿಡ್ಡ ನಳಿಗೆ. ಹೊಳಪು: ಥೈರಾ, ಅಡುಗೆಮನೆಯ ಮೇಜಿನ ಮೇಲೆ, ಗಂಡ ಆಸ್ಪತ್ರೆಯಲ್ಲಿದ್ದಾಗ. ಈ ಬಗೆಯದು ಇನ್ನೊಂದಿಲ್ಲ.”

“ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಹೇಳು,” ಎಂದ. “ರಿಬ್ಬನ್ ಮಾತ್ರ ಕೊಡಲ್ಲ ಕಣಯ್ಯಾ ಓರ್ವಿಲ್. ಅಷ್ಟೊಂದು ಆಸೆ ಇಟ್ಕೋಬೇಡ.”

“ಜಿಪುಣ,” ಎಂದ ಓರ್ವಿಲ್. ತಡೆಯದೆ ಬಂದ ಮಾತು ಅದೊಂದೇ. ಥೈರಾ ಅಳುತ್ತಲೇ ನಕ್ಕಳು.

ರಿಬ್ಬನ್ ಬಾಗಿಲ ಬಳಿ ಇನ್ನೊಬ್ಬರ ಮೇಜಿಗೆ ಹೋಯಿತು. ಥೈರಾಳ ಲಕ್ಷ್ಯ ಆ ಕಡೆ ಇರಲಿಲ್ಲ. ಡೆಲ್ಮರ್ ಹೊರಡುವ ಮೊದಲು ಆ ಹೊಳೆಯುವ ರಿವಾಲ್ವರನ್ನು ಎತ್ತಿಕೊಂಡು, ಎಣ್ಣೆಬಟ್ಟೆ ಹುಡುಕಿ, ನಳಿಗೆಯಿಂದ ಹಿಡಿಯವರೆಗೆ ಒಂದು ಗುರುತೂ ಉಳಿಯದಂತೆ ಒರೆಸಿ, ಮಲಗಿದ ಕೂಸನ್ನು ಇಳಿಸುವಂತೆ ಮಖಮಲ್ಲಿನ ಮೇಲೆ ಇಳಿಸಿದ್ದ. ಆಮೇಲೆ ಬಂದವರೂ ಚೀಟಿ ಓದಿ, ರಿವಾಲ್ವರ್ ಎತ್ತಿ ನೋಡಿ, ಎಣ್ಣೆಬಟ್ಟೆಗೆ ಕೈ ಚಾಚಿದರು.