ಬರಿಗೈ ನಡಿಗೆ

ದಿನಾ ಒಂದು ಗಂಟೆ ನಡೆಯಬೇಕು, ಇಲ್ಲದಿದ್ದರೆ ವರ್ಷದೊಳಗೆ ಸಕ್ಕರೆ ಕಾಯಿಲೆ ಗ್ಯಾರಂಟಿ ಎಂದಿದ್ದರು ಕೋಲಾರದ ಡಾಕ್ಟರು. ಗಂಗಾಲಕ್ಷ್ಮಿಯ ತಾಯಿ ಅದೇ ಕಾಯಿಲೆಗೆ ಒಂದು ಕಾಲು ಕಳೆದುಕೊಂಡಿದ್ದಳು. ಮೂವತ್ತೆರಡಕ್ಕೇ ತನಗೆ ಆ ಗತಿ ಬೇಡವೆಂದು ಮರುದಿನ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿ ಹೊರಟಳು.

"ಲೇ, ಬರಿಗೈಲಿ ಎಲ್ಲಿಗೇ?" ಅತ್ತೆ ಕದಿರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಡೆಯೋಕೆ, ಅತ್ತಮ್ಮ."

"ಹುಲ್ಲಿಲ್ಲ, ಹಾಲಿನ ಕ್ಯಾನಿಲ್ಲ, ಸುಮ್ನೆ ರೋಡ್ ಮೇಲೆ ನಡೀತಾಳಂತೆ! ನೋಡಿದೋರು ಏನಂದ್ಕೊಂಡಾರು?"

ಅಬ್ಬಾ, ಎಂಥ ನ್ಯಾಯ! ತಲೆ ಮೇಲೆ ಹೊರೆಯಿದ್ದರೆ ಹೆಂಗಸು ಎಷ್ಟು ದೂರ ನಡೆದರೂ ಯಾರೂ ಕೇಳುವುದಿಲ್ಲ. ಆ ಹೊರೆಯಾದರೂ ಈಗ ಎಲ್ಲಿತ್ತು? ಮೇವು ಟೆಂಪೋದಲ್ಲಿ ಬರುತ್ತಿತ್ತು, ಹಾಲಿನ ವ್ಯಾನು ಬಾಗಿಲಿಗೇ ಬರುತ್ತಿತ್ತು, ಹಸು ಕರೆಯಲು ಮಷೀನು, ನೀರಿಗೆ ನಲ್ಲಿ. ಬೆಳಿಗ್ಗೆ ಅಂಗಡಿ ಬನ್ನು, ಸಂಜೆ ಟೀವಿ ಮುಂದೆ ಮಿಕ್ಸ್ಚರು. ಐದು ವರ್ಷದಲ್ಲಿ ಹದಿನೆಂಟು ಕೆಜಿ ಏರಿದ್ದಳು. ಇದನ್ನೆಲ್ಲ ಮನೆಗೆ ತಂದವನು ಗಂಡ ಭೀಮರಾಜ್. ಊರೆದುರು "ತಿಂದು ತಿಂದು ಉಬ್ಬಿದ್ದಾಳೆ" ಎಂದು ನಗುವವನೂ ಅವನೇ. ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅಂದ್ಕೊಳ್ಲಿ ಬಿಡಿ. ನಾಳೆ ನನ್ ಕಾಲು ಹೋದ್ರೆ ನೋಡಿದೋರು ಬಂದು ಹೊತ್ಕೊಂಡು ತಿರುಗ್ತಾರಾ?" ಎಂದು ಅತ್ತೆಯನ್ನು ಪಕ್ಕಕ್ಕೆ ಸರಿಸಿ ನಡೆದೇಬಿಟ್ಟಳು.

ಕದಿರಮ್ಮ ಬಿಡುವ ಪೈಕಿಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆಯೇ ಹೊರಟಳು. "ಮಾನಗೆಟ್ಟೋಳೇ, ನಿಲ್ಲೇ!" ಎನ್ನುತ್ತಾ ರಾಗಿ ಹೊಲದುದ್ದಕ್ಕೂ ಸೊಸೆಯ ತವರನ್ನೆಲ್ಲ ಜಾಲಾಡಿದಳು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಭಾರತಮ್ಮ ತಲೆಯೆತ್ತಿ ನೋಡಿ, ಅತ್ತೆ ಸೊಸೆ ಜಗಳ ಎಂದುಕೊಂಡು ತನ್ನ ಕೆಲಸಕ್ಕೆ ಬಗ್ಗಿದಳು. ಎದುರಾದ ಯಾರೂ ಎಲ್ಲಿಗೆಂದು ಕೇಳಲಿಲ್ಲ. ಬೈಯುವ ಅತ್ತೆ ಬೆನ್ನ ಹಿಂದಿದ್ದರೆ ಯಾರಿಗೂ ಅನುಮಾನವೇ ಬರುವುದಿಲ್ಲವೆಂದು ಗಂಗಾಲಕ್ಷ್ಮಿಗೆ ಆಗ ಹೊಳೆಯಿತು. ಬೇಕೆಂದೇ ಕೆರೆ ಕಟ್ಟೆಯವರೆಗೂ ನಡೆದಳು.

ಕಟ್ಟೆ ತಲುಪುವಷ್ಟರಲ್ಲಿ ಕದಿರಮ್ಮನಿಗೆ ಏದುಸಿರು. ಕಲ್ಲಿನ ಮೇಲೆ ಕುಸಿದಳು.

"ಕೊಡ ಹೊತ್ಕೊಂಡು ದಿನಾ ನಾಲ್ಕು ಸಲ ಇಲ್ಲಿಗೆ ಬರ್ತಿದ್ದೆ ಕಣೇ. ಒಂದಿನಾನೂ ಹಿಂಗಾಗಿರ್ಲಿಲ್ಲ. ಎಲ್ಲಾ ನಿನ್ನಿಂದಾನೇ, ಶನಿ!"

ಗಂಗಾಲಕ್ಷ್ಮಿ ಕೈ ನೀಡಿದಳು. ಮುದುಕಿ ಅದನ್ನು ತಳ್ಳಿ ತಾನೇ ಎದ್ದಳು. ಮನೆಯವರೆಗೂ ಬೈಗುಳ ನಿಲ್ಲಲಿಲ್ಲ.

ಮರುದಿನ ಗಂಗಾಲಕ್ಷ್ಮಿ ಬಾಗಿಲು ತೆರೆದಾಗ ಕದಿರಮ್ಮ ಆಗಲೇ ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕೂತಿದ್ದಳು. ಮುಖ ನಿನ್ನೆಯಂತೆಯೇ ಗಂಟು.

"ಏನ್ ನೋಡ್ತೀಯಾ? ನಡಿ. ನಿನ್ನೆ ಬೈದಿದ್ದು ಅರ್ಧಾನೂ ಆಗಿಲ್ಲ."