ಯಂತ್ರ ಕೇಳಿದ ತಾರೀಖು

ದೊಡ್ಡಹನುಮಯ್ಯ ರಾಜಾಜಿನಗರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಟೈಮ್ ಆಫೀಸು ಎಂದರೆ ಗೇಟಿನ ಪಕ್ಕದ ಕೋಣೆ. ಅಲ್ಲೊಂದು ಪಂಚಿಂಗ್ ಗಡಿಯಾರ. ಕೆಲಸಗಾರರು ಬರುವಾಗ, ಹೋಗುವಾಗ ತಮ್ಮ ಕಾರ್ಡನ್ನು ಅದರ ಬಾಯಿಗೆ ಕೊಡಬೇಕು, ಅದು ಟಕ್ಕೆಂದು ವೇಳೆ ಒತ್ತಬೇಕು. ಒತ್ತಿದ್ದೇ ಸತ್ಯ. ಬಸ್ಸು ಕೆಟ್ಟಿತು, ಮಗುವಿಗೆ ಜ್ವರ ಬಂತು ಎಂದು ಯಾರು ಎಷ್ಟು ಗೋಗರೆದರೂ ದೊಡ್ಡಹನುಮಯ್ಯ ಮಾತಾಡದೆ ಕಾರ್ಡನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದ. ಒಮ್ಮೆ ಒಬ್ಬ ಫಿಟ್ಟರು ತಂತಿ ತೂರಿಸಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳಿದ್ದನ್ನು ಪತ್ತೆಹಚ್ಚಿ ಅವನನ್ನು ಸಸ್ಪೆಂಡ್ ಮಾಡಿಸಿದ್ದ. ಮನೆಗೆ ಬಂದವರಿಗೆಲ್ಲ ಆ ಕಥೆಯನ್ನು ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದ: "ಗಡಿಯಾರ ತಾನಾಗೇ ತಪ್ಪಲ್ಲ ಕಣ್ರೀ. ಯಾರೋ ತಪ್ಪಿಸ್ತಾರೆ." ಇಂಥವನ ಮನೆಗೆ ಸೊಸೆಯಾಗಿ ಬರುವುದಕ್ಕೂ ಗುಂಡಿಗೆ ಬೇಕು.

ಸೊಸೆ ಲಕ್ಷ್ಮಿದೇವಿ ಕೆಂಗೇರಿಯ ಹುಡುಗಿ. ಬಿ.ಕಾಂ. ಓದಿದವಳು, ಟೈಪಿಂಗ್ ಕಲಿತವಳು, ಮಾತು ಕಡಿಮೆ. ದೊಡ್ಡಹನುಮಯ್ಯ ರಿಟೈರಾದ ಮೇಲೆ ಸುಮ್ಮನೆ ಕೂರಲಾರದೆ, ಎಂಬತ್ತೆಂಟನೇ ಇಸವಿಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಗೋವಿಂದರಾಜನಗರದ ತನ್ನ ಮನೆಗೆ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಜೊತೆಗೊಂದು ಪ್ರಿಂಟರ್ ತಂದ. ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪುಗಳ ಹಾಜರಿಯನ್ನು ಅದರಲ್ಲಿ ಏರಿಸಿಕೊಡುವುದು ಅವನ ಯೋಜನೆ. ಕೆಲಸ ಮಾಡುವವಳು ಸೊಸೆ, ಯಜಮಾನ ಅವನು. ದೇವರ ಮನೆಯ ಪಕ್ಕದ ಕೋಣೆಯಲ್ಲಿ ಯಂತ್ರವನ್ನು ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಧೂಳು ಬಿದ್ದರೆ ಕೆಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಾಗಿಲು ಕಿಟಕಿ ಸದಾ ಮುಚ್ಚಿರಬೇಕೆಂದು ಕಟ್ಟಪ್ಪಣೆ ಮಾಡಿದ.

ಸ್ವಿಚ್ ಹಾಕಿದಾಗಲೆಲ್ಲ ಆ ಯಂತ್ರ ಮೊದಲು ಇವತ್ತಿನ ತಾರೀಖು ಕೇಳುತ್ತಿತ್ತು. ದೊಡ್ಡಹನುಮಯ್ಯನಿಗೆ ಅದು ಬಹಳ ಹಿಡಿಸಿತು. ಇದೂ ನಮ್ಮ ಜಾತಿಯದೇ ಎಂದುಕೊಂಡು, ದಿನ, ತಿಂಗಳು, ವರ್ಷ ಎಂದು ತಾನೇ ಒತ್ತುತ್ತಿದ್ದ. ಒಂದು ವಾರ ಎಲ್ಲ ಸರಿಯಾಗಿ ನಡೆಯಿತು. ಹದಿಮೂರನೇ ತಾರೀಖು ಬೆಳಿಗ್ಗೆ ಒತ್ತಿದರೆ, ಯಂತ್ರ ಈ ತಾರೀಖು ಸರಿಯಿಲ್ಲ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ ಉತ್ತರ. ಜೀವಮಾನವೆಲ್ಲ ಬೇರೆಯವರ ತಾರೀಖು ತಿದ್ದಿದವನಿಗೆ ಒಂದು ಡಬ್ಬ, ಅದೂ ಸೊಸೆ ಪಕ್ಕದಲ್ಲಿ ನಿಂತಿರುವಾಗ, ನಿನಗೆ ತಾರೀಖು ಗೊತ್ತಿಲ್ಲ ಎಂದಂತಾಯಿತು. ಕಿವಿ ಬಿಸಿಯಾಯಿತು. ಏನನ್ನೂ ತುಂಬದೆ ಎಂಟರ್ ಗುಂಡಿ ಕುಟ್ಟಿದ. ಯಂತ್ರ ತೆಪ್ಪಗೆ ಮುಂದಕ್ಕೆ ಹೋಯಿತು.

"ಇದೇನೂ ಮುಖ್ಯ ಅಲ್ಲ ಕಣಮ್ಮ. ತಾರೀಖು ಕೇಳಿದ್ರೆ ಸುಮ್ನೆ ಎಂಟರ್ ಒತ್ಬಿಡು" ಎಂದ, ಅವಳ ಮುಖ ನೋಡದೆ.

"ಆಗ್ಲಿ ಮಾವ" ಎಂದಳು ಲಕ್ಷ್ಮಿದೇವಿ.

ಅಂದಿನಿಂದ ಅವನೂ ಹಾಗೆಯೇ ಮಾಡಿದ, ಅವಳೂ ಹಾಗೆಯೇ ಮಾಡಿದಳು. ಅವನು ಆ ಮಾತನ್ನು ಮರೆತ. ನಾಚಿಕೆಯಾದ ಜಾಗವನ್ನು ನಾವು ಯಾರು ತಾನೇ ನೆನಪಿಟ್ಟುಕೊಳ್ಳುತ್ತೇವೆ?

ಅಕ್ಟೋಬರ್ ಕೊನೆಗೆ ಮದ್ದೂರಿನಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ದೊಡ್ಡಹನುಮಯ್ಯ ಹೆಂಡತಿಯನ್ನು ಕರೆದುಕೊಂಡು ಹೋಗಿ ಎರಡು ವಾರ ಇದ್ದು, ಅವಳನ್ನು ಬಾಣಂತನಕ್ಕೆ ಅಲ್ಲೇ ಬಿಟ್ಟು ಒಬ್ಬನೇ ಹಿಂದಿರುಗಿದ. ಗೇಟಿನ ಹತ್ತಿರವೇ ಪಕ್ಕದ ಮನೆ ರಾಮಕ್ಕ ಹಿಡಿದುಕೊಂಡಳು. ಆಕೆ ಕೆಟ್ಟವಳಲ್ಲ, ಆದರೆ ಬಾಯಿಗೆ ಬಾಗಿಲಿಲ್ಲ.

"ಹನುಮಯ್ಯನೋರೆ, ನಿಮ್ಮ ಸೊಸೆ ಮಧ್ಯಾಹ್ನದ ಹೊತ್ತು ಎಲ್ಲಿಗೆ ಹೋಗ್ತಾಳೆ? ಮೂರ್ನಾಲ್ಕು ಸಲ ಬಾಗ್ಲು ಬಡ್ದೆ. ಉಸಿರೇ ಇಲ್ಲ. ನಿಮ್ಮ ಮಗನೂ ಮನೇಲಿರಲ್ಲ, ಅದಕ್ಕೇ ಕೇಳ್ದೆ ಅಷ್ಟೇ."

ಅಷ್ಟೇ ಎಂದರೆ ಅಷ್ಟೇ. ಆದರೆ ಅಷ್ಟು ಸಾಕಾಯಿತು. ದೊಡ್ಡಹನುಮಯ್ಯ ಕೈಕಾಲು ತೊಳೆದು ನೇರ ಯಂತ್ರದ ಕೋಣೆಗೆ ಹೋದ. ಮಾಡಿದ ಪ್ರತಿ ಫೈಲಿನ ಹೆಸರಿನ ಮುಂದೆ ಅದು ಮಾಡಿದ ತಾರೀಖನ್ನು ಯಂತ್ರ ಬರೆದುಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದರು. ಅಲ್ಲಿಯವರೆಗೆ ಅವನು ಆ ಸಾಲನ್ನು ನೋಡಿರಲಿಲ್ಲ, ನೋಡುವ ಕಾರಣ ಬಂದಿರಲಿಲ್ಲ. ಸೊಸೆ ಆ ಎರಡು ವಾರ ಕೆಲಸ ಮಾಡಿದ ಫ್ಲಾಪಿ ಹಾಕಿ ನೋಡಿದ. ಎಲ್ಲ ವರ್ಕ್‌ಶಾಪುಗಳ ಹಾಜರಿಯೂ ಇತ್ತು. ಎಲ್ಲದರ ಮುಂದೆಯೂ ಒಂದೇ ತಾರೀಖು: ಎಂಬತ್ತನೇ ಇಸವಿ, ಜನವರಿ ಒಂದು.

ಎಂಬತ್ತರಲ್ಲಿ ಈ ಯಂತ್ರ ಎಲ್ಲಿತ್ತು? ಸೊಸೆ ಎಲ್ಲಿದ್ದಳು? ಬೇರೆ ಯಾರಾದರೂ ಆಗಿದ್ದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು. ಟೈಮ್ ಆಫೀಸಿನವನಿಗೆ ಹೊಳೆದದ್ದು ಫಿಟ್ಟರು, ತಂತಿ ಮತ್ತು ಮುಳ್ಳು. ಯಾವ ದಿನ ಮನೆಯಲ್ಲಿದ್ದಳು, ಯಾವ ದಿನ ಇರಲಿಲ್ಲ ಎಂದು ಗೊತ್ತಾಗಬಾರದೆಂದು ತಾರೀಖು ಅಳಿಸಿದ್ದಾಳೆ ಎಂದು ಅವನು ತೀರ್ಮಾನಿಸಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವನಿಗೂ ಬರುತ್ತಿತ್ತು. ಅದನ್ನು ಊರಿನವರಿಗೆ ಹೇಳುತ್ತಿದ್ದ.

ಸಂಜೆ ಮಗ ಶ್ಯಾಮಸುಂದರ ಕೆಲಸದಿಂದ ಬಂದ ಮೇಲೆ ನಡುಮನೆಯಲ್ಲಿ ವಿಚಾರಣೆ ನಡೆಯಿತು.

"ಮಧ್ಯಾಹ್ನ ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೂ ಇಲ್ಲ ಮಾವ. ಮಿಷನ್ ರೂಮಲ್ಲೇ ಇದ್ದೆ. ಬಾಗ್ಲು ಹಾಕಿರುತ್ತಲ್ಲ, ಪ್ರಿಂಟರ್ ಸದ್ದಿಗೆ ಹೊರಗಿಂದು ಕೇಳ್ಸಲ್ಲ."

"ಮತ್ತೆ ತಾರೀಖು ಯಾಕೆ ತಿರುಗಿಸ್ದೆ?"

"ನಾನ್ಯಾಕೆ ತಿರುಗಿಸ್ಲಿ? ನೀವು ಹೇಳ್ಕೊಟ್ಟಿದ್ದನ್ನೇ ಒತ್ತಿದೀನಿ."

"ನಂಗೇ ಪಾಠ ಹೇಳ್ತೀಯಾ? ಗಡಿಯಾರ ತಿರುಗಿಸೋರ್ನ ಎಷ್ಟು ಜನಾನ ನೋಡಿದೀನಿ ಗೊತ್ತಾ?"

ಲಕ್ಷ್ಮಿದೇವಿ ಗಂಡನ ಕಡೆ ನೋಡಿದಳು. ಶ್ಯಾಮಸುಂದರ ಗೋಡೆಯ ಕ್ಯಾಲೆಂಡರ್ ನೋಡುತ್ತ, "ಅಪ್ಪ ಕೇಳ್ತಾ ಇದಾರಲ್ಲ, ಹೇಳ್ಬಿಡೇ" ಎಂದ. ಆ ಗಂಡಸಿಗೆ ಅದಕ್ಕಿಂತ ಒಳ್ಳೆಯ ಮಾತು ಸಿಗಲಿಲ್ಲ.

"ಹೇಳೋದು ಹೇಳಿದೀನಿ" ಎಂದಳು ಅವಳು.

"ಹಾಗಿದ್ರೆ ನಿಜ ಬಾಯಿಗೆ ಬರೋವರ್ಗೂ ನಿಮ್ಮಮ್ಮನ ಮನೇಲಿರು" ಎಂದ ದೊಡ್ಡಹನುಮಯ್ಯ. ನಡುಮನೆಯ ಕಿಟಕಿ ತೆರೆದಿತ್ತು, ಆಚೆ ಕಾಂಪೌಂಡಿನ ಹತ್ತಿರ ರಾಮಕ್ಕ ನಿಂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಬೆಳಿಗ್ಗೆ ಅಡುಗೆ ಮಾಡಿಟ್ಟು, ಒಂದು ಬ್ಯಾಗು ಹಿಡಿದು, ಲಕ್ಷ್ಮಿದೇವಿ ಕೆಂಗೇರಿ ಬಸ್ಸು ಹತ್ತಿದಳು.

ಕಾರ್ಖಾನೆಯಲ್ಲಿ ಒಬ್ಬನ ಮೇಲೆ ಆಪಾದನೆ ಹೊರಿಸಿದರೆ ಅವನು ಹೇಗೆ ಮೋಸ ಮಾಡಿದ ಎಂದು ತೋರಿಸಬೇಕಿತ್ತು. ಅದು ಪದ್ಧತಿ. ಆದ್ದರಿಂದ ಎರಡು ದಿನ ಕಳೆದ ಮೇಲೆ ದೊಡ್ಡಹನುಮಯ್ಯ ಬೆಳಗಿನ ಕಾಫಿ ಮುಗಿಸಿ, ಸೊಸೆಯ ಕೈಚಳಕ ಹಿಡಿಯಲು ಯಂತ್ರದ ಮುಂದೆ ಕೂತ. ಸ್ವಿಚ್ ಹಾಕಿದ. ಅದು ತಾರೀಖು ಕೇಳಿತು. ಅಭ್ಯಾಸಬಲದಿಂದ ಎಂಟರ್ ಒತ್ತಿದ. ಪರೀಕ್ಷೆಗೆಂದು ಎರಡಕ್ಷರದ ಒಂದು ಫೈಲು ಮಾಡಿ, ಅದರ ತಾರೀಖು ನೋಡಿದ. ಎಂಬತ್ತನೇ ಇಸವಿ, ಜನವರಿ ಒಂದು.

ಸಿಕ್ಕಿಬಿದ್ದಳು ಎಂದು ಮೊದಲು ಖುಷಿಯಾಯಿತು. ತಾರೀಖು ತುಂಬದೆ ಎಂಟರ್ ಒತ್ತಿದರೆ ಯಂತ್ರ ತಾನಾಗಿ ಎಂಬತ್ತನೇ ಇಸವಿಯಿಂದ ಶುರುಮಾಡುತ್ತದೆ, ಅದೇ ಅವಳ ಉಪಾಯ! ಹಾಗೆಂದುಕೊಂಡ ಬಾಯಿ ಮುಚ್ಚುವ ಮೊದಲೇ, ಆ ಉಪಾಯವನ್ನು ಅವಳಿಗೆ ಹೇಳಿಕೊಟ್ಟವರು ಯಾರು ಎಂಬುದು ನೆನಪಾಯಿತು. ಸೆಪ್ಟೆಂಬರಿನ ಆ ಬೆಳಿಗ್ಗೆ, ತನ್ನ ಬಿಸಿ ಕಿವಿ, ಅವಳ "ಆಗ್ಲಿ ಮಾವ" ಎಲ್ಲವೂ ನೆನಪಾಯಿತು.

ಇಲ್ಲ, ಇನ್ನೂ ನೋಡಬೇಕು ಎಂದು ಹಟ ಹಿಡಿದ. ಮದ್ದೂರಿಗೆ ಹೋಗುವ ಮೊದಲು ತಾನೇ ಮುಂದೆ ಕೂತು ಮಾಡಿದ ಕೆಲಸದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದ. ಸೆಪ್ಟೆಂಬರ್ ಹದಿಮೂರರ ನಂತರದವೆಲ್ಲ ಎಂಬತ್ತನೇ ಇಸವಿಯವು. ತಂತಿ ತೂರಿಸಿದವನು ಅವನೇ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಈ ಸಲ ಅದು ಕೇಳಿದ ಸಾಲನ್ನು ಕನ್ನಡಕ ಒರೆಸಿಕೊಂಡು ಕೊನೆಯವರೆಗೆ ಓದಿದ. ಮೊದಲು ತಿಂಗಳು, ಆಮೇಲೆ ದಿನ ಎಂದು ಅದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಹೇಳಿತ್ತು. ಹನ್ನೆರಡರವರೆಗೆ ಅವನ ದಿನವನ್ನೇ ತಿಂಗಳೆಂದು ನುಂಗಿದ ಯಂತ್ರ, ಹದಿಮೂರನೇ ತಿಂಗಳು ಎಲ್ಲಿಂದ ತರಬೇಕು? ತಿರುಗಿಸಿ ತುಂಬಿದ. ಯಂತ್ರ ಒಪ್ಪಿತು. ಆಮೇಲೆ ಮಾಡಿದ ಫೈಲಿಗೆ ಆ ದಿನದ ತಾರೀಖೇ ಬಿತ್ತು.

ದೋಷ ಸರಿಹೋಯಿತು. ದೊಡ್ಡಹನುಮಯ್ಯ ಅಲ್ಲೇ ಕೂತಿದ್ದ. ಇಷ್ಟು ಮುಖಗಳ ಮುಂದೆ ಕಾರ್ಡು ಹಿಡಿದಿದ್ದ ಮನುಷ್ಯನಿಗೆ ತನ್ನ ಮುಖವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನದ ಕೆಂಗೇರಿ ಬಸ್ಸಿನಲ್ಲಿ ಒಂದು ಮಾತನ್ನು ಸಿದ್ಧ ಮಾಡಿಕೊಂಡ. "ಮಿಷನ್ನಿಂದ ಸ್ವಲ್ಪ ತಪ್ಪಾಯ್ತಮ್ಮ, ಈಗ ಸರಿ ಮಾಡಿದೀನಿ, ಬಾ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾತು ಚೆನ್ನಾಗಿಯೇ ಇತ್ತು. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ, ಅವನದಂತೂ ಹೋಗುತ್ತಿರಲಿಲ್ಲ.

ಲಕ್ಷ್ಮಿದೇವಿಯ ತಾಯಿ ಮುನಿತಾಯಮ್ಮ ಗಂಡ ಸತ್ತ ಮೇಲೆ ಎರಡು ಹಸು ಕಟ್ಟಿ ಮಗಳನ್ನು ಓದಿಸಿದವಳು. ಬಾಗಿಲಲ್ಲೇ ಬಯ್ಗುಳಕ್ಕೆ ತಯಾರಾಗಿ ಹೋಗಿದ್ದ ದೊಡ್ಡಹನುಮಯ್ಯನಿಗೆ ಆಕೆ ಕಾಲಿಗೆ ನೀರು ಕೊಟ್ಟಳು, ಹೊಸ ಚಾಪೆ ಹಾಸಿದಳು.

"ಬನ್ನಿ ಬೀಗ್ರೇ, ಬನ್ನಿ! ಬೀಗಿತ್ತಿ ಮದ್ದೂರಲ್ಲಿದ್ರೂ, ಅಡುಗೆಗೆ ತೊಂದ್ರೆ ಆದ್ರೂ, ನಾಲ್ಕು ದಿನ ಅಮ್ಮನ ಜೊತೆ ಇದ್ದು ಬಾ ಅಂತ ನೀವೇ ಕಳ್ಸಿದ್ರಂತೆ. ಯಾವ ಮಾವ ಹಾಗಂತಾನೆ ಹೇಳಿ? ನನ್ನ ಮಗಳು ಪುಣ್ಯ ಮಾಡಿದ್ಲು."

ದೊಡ್ಡಹನುಮಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಹೇಳಿಲ್ಲ. ತವರಿಗೆ ಬಂದು, ಮಾವ ತನ್ನ ಮೇಲೆ ಹೊರಿಸಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅವನ ಹೆಸರಿಗೆ ಮಸಿ ಬಳಿಯುವ ಬದಲು ಹೂವು ಮುಡಿಸಿದ್ದಾಳೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮರ್ಯಾದೆಗೆ ಅವನ ಬೆನ್ನು ತಾನಾಗಿಯೇ ಬಾಗಿತು.

ಊಟಕ್ಕೆ ಎಬ್ಬಿಸಿದರು. ಬೇಡ ಎನ್ನುವಂತಿಲ್ಲ, ಬೀಗರ ಮನೆ. ಲಕ್ಷ್ಮಿದೇವಿ ಅಡುಗೆಮನೆಯಿಂದ ಬಂದು ಎಲೆಗೆ ಮುದ್ದೆ ಇಟ್ಟು ಅವರೆಕಾಳು ಸಾರು ಬಿಟ್ಟಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ತಾಯಿ ಹಸುವಿಗೆ ನೀರಿಡಲು ಹಿತ್ತಲಿಗೆ ಹೋದ ಸಮಯ ನೋಡಿ ಅವನು ಮೆಲ್ಲಗೆ, "ಮಿಷನ್ನಿಂದ ತಪ್ಪಾಗಿತ್ತಮ್ಮ" ಎಂದ.

"ಮಿಷನ್ ನನ್ನೇನೂ ಅನ್ಲಿಲ್ಲ ಮಾವ" ಎಂದಳು ಲಕ್ಷ್ಮಿದೇವಿ.

ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತು ಅಲ್ಲಿಗೆ ಮುಗಿಯಿತು. ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, "ಇನ್ನೊಂದು ಮುದ್ದೆ ಇಡೇ, ಬೀಗ್ರು ನಾಚ್ಕೋತಾರೆ" ಎಂದಳು. ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಸೊಸೆಯನ್ನು ಕರೆದುಕೊಂಡು, ಒಳ್ಳೆಯ ಮಾವ ಎನ್ನಿಸಿಕೊಂಡೇ ಮನೆ ಸೇರಬಹುದಿತ್ತು. ಆ ಆಸೆ ಅವನಿಗೆ ಬಂತು. ಬಂದದ್ದಕ್ಕೂ ನಾಚಿಕೆಯಾಯಿತು.

"ಮುನಿತಾಯಮ್ಮನೋರೆ, ನಾನು ಕಳ್ಸಿದ್ದು ಹಾಗಲ್ಲ" ಎಂದ, ತಲೆ ಎತ್ತದೆ. "ನಾನಿಲ್ದಾಗ ಮಧ್ಯಾಹ್ನ ಎಲ್ಲಿಗೆ ಹೋಗ್ತಿದ್ದೆ ಅಂತ ನಿಮ್ಮ ಮಗಳನ್ನ ಕೇಳ್ದೆ. ಮಗನ ಮುಂದೆ ಕೇಳ್ದೆ, ಬೀದಿಗೆಲ್ಲ ಕೇಳ್ಸೋ ಹಾಗೆ ಕೇಳ್ದೆ. ಎಲ್ಲೂ ಹೋಗಿರ್ಲಿಲ್ಲ ಅವ್ಳು. ನಾನು ಹೇಳ್ಕೊಟ್ಟ ಹಾಗೇ ಕೆಲ್ಸ ಮಾಡ್ಕೊಂಡು ಮನೇಲೇ ಕೂತಿದ್ಲು. ತಪ್ಪು ಪೂರ್ತಿ ನಂದು."

ಮುನಿತಾಯಮ್ಮ ಮಗಳನ್ನು ನೋಡಿದಳು. "ಇದನ್ನ ಇಟ್ಕೊಂಡು ನನ್ನ ಜೊತೆ ನಗ್ತಾ ಇದ್ಯೇನೇ?" ಎಂದಳು. ಲಕ್ಷ್ಮಿದೇವಿ ಇನ್ನೊಂದು ಮುದ್ದೆ ತಂದು ಮಾವನ ಎಲೆಗೆ ಇಟ್ಟಳು. ದೊಡ್ಡಹನುಮಯ್ಯ ಅದನ್ನು ತಿನ್ನಲೇಬೇಕಾಯಿತು.

ಕೈ ತೊಳೆದ ಮೇಲೆ, "ಬರ್ತೀಯಾಮ್ಮ?" ಎಂದು ಕೇಳಿದ. ಕೇಳುವ ಹಕ್ಕು ತನಗಿಲ್ಲವೆಂಬುದು ಆ ಧ್ವನಿಯಲ್ಲೇ ಇತ್ತು.

"ಇವತ್ತು ಬೇಡ ಮಾವ. ಇಲ್ಲಿ ಹೇಳಿದ್ದನ್ನ ಅವತ್ತು ಅಲ್ಲಿ ಕೇಳ್ಸ್ಕೊಂಡೋರಿಗೂ ಹೇಳಿ. ರಾಮಕ್ಕನಿಗೆ, ನಿಮ್ಮ ಮಗನಿಗೆ. ಆಮೇಲೆ ನಿಮ್ಮ ಮಗನೇ ಬಂದು ಕರೀಲಿ."

ಅವನು ತಲೆಯಾಡಿಸಿ ಹೊರಟ. ಮುನಿತಾಯಮ್ಮ ಮೈಸೂರು ರಸ್ತೆಯವರೆಗೆ ಜೊತೆಗೆ ಬಂದಳು, ಕೈಯಲ್ಲಿ ಹಿಡಿಕೆಯ ಪಾತ್ರೆ ತುಂಬ ಮೊಸರು. ಬೀಗರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ, ಏನೇ ಆಗಿರಲಿ. ದೂರದಲ್ಲಿ ಬಸ್ಸು ಕಂಡಾಗ ಪಾತ್ರೆಯನ್ನು ಅವನ ಕೈಗೆ ಕೊಟ್ಟಳು.

"ನನ್ನ ಮಗಳು ಬ್ಯಾಗು ಹಿಡ್ಕೊಂಡು ಬಂದಾಗ ನಾನು ಏನೂ ವಿಚಾರ್ಸ್ಲಿಲ್ಲ ಬೀಗ್ರೇ" ಎಂದಳು. "ನನ್ನ ಹತ್ರ ಅವ್ಳು ಸುಳ್ಳು ಹೇಳಿದ್ಲು, ನಾನು ನಂಬ್ದೆ. ನಿಮ್ಮ ಹತ್ರ ನಿಜ ಹೇಳಿದ್ಲು."

ಬಸ್ಸು ಬಂದು ನಿಂತಿತು. ದೊಡ್ಡಹನುಮಯ್ಯ ಮೊಸರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಕೆಯ ಮುಖ ನೋಡಲಾರದೆ ಹತ್ತಿದ.