ತಟ್ಟೆಯಲ್ಲಿಟ್ಟ ಕರಡಿಗೆ

ಬೆರಳು ತೋರಿಸಿದ್ದು ಒಂದೇ ಸಲ, ಆಡಿದ್ದು ಒಂದೇ ಮಾತು: "ಅದನ್ನೂ ಬಿಚ್ಚಿಡು." ತಾನೇ ಆಡಿದ ಆ ಮಾತಿಗೆ ತುಮಕೂರಿನ ವಕೀಲ ಸುಬ್ಬಕೃಷ್ಣನಿಗೆ ಎರಡು ತಿಂಗಳಿಂದ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಹತ್ತಲೂಬಾರದು ಬಿಡಿ.

ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ಲಾಡ್ಜಿಗೆ ಅವನು ಸೇರಿದ್ದು ಐವತ್ಮೂರರಲ್ಲಿ. ಊರವರು ಆ ಕಟ್ಟಡವನ್ನು 'ತಲೆ ತೆಗೆಯೋ ಬಂಗಲೆ' ಅನ್ನುತ್ತಿದ್ದರು. ತಲೆ ತೆಗೆಯುವ ಮಾತು ಹಾಗಿರಲಿ, ಡಾಕ್ಟರು, ಎಂಜಿನಿಯರು, ಮಂಡಿ ಸಾಹುಕಾರರು ತಿಂಗಳಿಗೊಮ್ಮೆ ಬಿಳಿ ಏಪ್ರನ್ ಕಟ್ಟಿಕೊಂಡು, ಗೀತೆ, ಕುರಾನು, ಬೈಬಲ್ಲು ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆದು, ಒಟ್ಟಿಗೆ ಉಂಡು ಮನೆಗೆ ಹೋಗುತ್ತಿದ್ದರು, ಅಷ್ಟೇ. ಸುಬ್ಬಕೃಷ್ಣನಿಗೆ ಅದರ ಹುಚ್ಚು ಹಿಡಿಯಿತು. ನಿಯಮಗಳೆಲ್ಲ ಬಾಯಿಪಾಠವಾದವು. ಹೊಸದಾಗಿ ದೀಕ್ಷೆಗೆ ಬರುವವರನ್ನು ಸಿದ್ಧಪಡಿಸಿ ಒಳಗೆ ಕರೆದೊಯ್ಯುವ ಕೆಲಸ ಸಿಕ್ಕಿದ ಮೇಲಂತೂ ಕೇಳಬೇಡಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಇವನೇ.

ಗುಬ್ಬಿಯ ಹೈಸ್ಕೂಲು ಮೇಷ್ಟ್ರು ಏಕಾಂತಯ್ಯ ಅವನ ಕಾಲೇಜು ಗೆಳೆಯ. "ನನಗ್ಯಾಕೋ ಅವೆಲ್ಲ" ಅನ್ನುತ್ತಿದ್ದವನ ಬೆನ್ನು ಹತ್ತಿ ವರ್ಷದ ಮೇಲೆ ಒಪ್ಪಿಸಿದ್ದ. ಐವತ್ತೆಂಟರ ಜುಲೈಯಲ್ಲಿ ದೀಕ್ಷೆ ಗೊತ್ತಾಯಿತು.

ದೀಕ್ಷೆಗೆ ಬರುವವನ ಮೈಮೇಲೆ ಲೋಹದ ಚೂರೂ ಇರಬಾರದೆಂಬುದು ಅಲ್ಲಿನ ಕಟ್ಟಳೆ. ಹುಟ್ಟುವಾಗ ಹೇಗೆ ಬಂದನೋ ಹಾಗೆ ಬರಿಗೈಯಲ್ಲಿ ಬರಬೇಕು. ಪಕ್ಕದ ಸಣ್ಣ ಕೋಣೆಯಲ್ಲಿ ಸುಬ್ಬಕೃಷ್ಣ ತಟ್ಟೆ ಹಿಡಿದು ನಿಂತ. ವಾಚು, ಉಂಗುರ, ಚಿಲ್ಲರೆ ಒಂದೊಂದಾಗಿ ಬಿದ್ದವು. ಕೊನೆಗೆ ಕಂಡದ್ದು ಏಕಾಂತಯ್ಯನ ಎದೆಯ ಮೇಲಿನ ಬೆಳ್ಳಿ ಕರಡಿಗೆ.

"ಅದನ್ನೂ ಬಿಚ್ಚಿಡು."

"ಇದರೊಳಗೆ ಲಿಂಗ ಇದೆ ಕಣೋ ಸುಬ್ಬು."

"ಬೆಳ್ಳಿ ಅಂದ್ರೆ ಲೋಹ ತಾನೇ? ರೂಲು ಅಂದ್ಮೇಲೆ ರೂಲು. ಒಳಗೆ ಎಲ್ರೂ ಕಾಯ್ತಿದಾರೆ. ನನ್ನ ಮೇಲೆ ನಂಬಿಕೆ ಇಲ್ವಾ?"

ಕಟ್ಟಿದ ಲಿಂಗ ಉಸಿರಿರುವ ತನಕ ಮೈ ಬಿಟ್ಟು ಅಗಲಬಾರದು. ಇದು ಸುಬ್ಬಕೃಷ್ಣನಿಗೆ ಗೊತ್ತಿರಲಿಲ್ಲವೇ? ಹಾಸ್ಟೆಲಿನಲ್ಲಿ ನಾಲ್ಕು ವರ್ಷ ದಿನಾ ಬೆಳಿಗ್ಗೆ ಅವನ ಲಿಂಗಪೂಜೆ ಕಂಡವನು. ಗೊತ್ತಿತ್ತು. ಏಕಾಂತಯ್ಯ ಒಂದು ಗಳಿಗೆ ಅವನ ಮುಖ ನೋಡಿ, ಶಿವದಾರವನ್ನು ಕೊರಳಿಂದ ತೆಗೆದು ತಟ್ಟೆಯಲ್ಲಿಟ್ಟ. ಸುಬ್ಬಕೃಷ್ಣ ಅವನ ಕಣ್ಣಿಗೆ ಬಟ್ಟೆ ಕಟ್ಟಿದ.

ಒಳಗೆ, ಲಾಡ್ಜಿನ ಹಿರಿಯರಾದ ಮಾಸ್ಟರ್ ಸೀತಾರಾಮಯ್ಯನವರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಕಷ್ಟ ಬಂದಾಗ ಯಾರನ್ನು ನಂಬುತ್ತೀರಿ?"

ಏಕಾಂತಯ್ಯನ ಬಲಗೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ತಡವಿತು. ಇನ್ನಷ್ಟು ಕೆಳಗೆ ತಡವಿತು. ಏನೂ ಸಿಗಲಿಲ್ಲ. ಅವನ ತೋಳು ಹಿಡಿದು ನಿಂತಿದ್ದ ಸುಬ್ಬಕೃಷ್ಣನಿಗೆ ಆ ಹುಡುಕಾಟವೆಲ್ಲ ಗೊತ್ತಾಗುತ್ತಿತ್ತು. ಬಹಳ ಹೊತ್ತಿನ ಮೇಲೆ "ದೇವರನ್ನು" ಎಂಬ ಉತ್ತರ ಬಂತು.

ಎಲ್ಲರೂ ಊಟಕ್ಕೆ ಕುಳಿತಾಗ ಏಕಾಂತಯ್ಯ ನೀರು ಸಹ ಮುಟ್ಟಲಿಲ್ಲ. ಕರಡಿಗೆ ಧರಿಸಿ, ಗುಬ್ಬಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಮುಂದಿನ ತಿಂಗಳ ಸಭೆಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

"ಯಾಕ್ರೀ ನಿಮ್ಮ ಗೆಳೆಯರು ಬರ್ತಿಲ್ಲ?" ಎಂದು ಸೀತಾರಾಮಯ್ಯನವರು ಕೇಳಿದಾಗ ಸುಬ್ಬಕೃಷ್ಣ ತಡವರಿಸುತ್ತ ನಡೆದದ್ದನ್ನು ಹೇಳಿದ. ಕುಣಿಗಲ್ ಕಡೆಯ ಆ ಮುದುಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಬೆಳ್ಳಿ ಕರಡಿಗೆ ಇಟ್ಟು ಲಿಂಗಾನ ಬಟ್ಟೇಲಿ ಕಟ್ಕೊಳ್ಳಿ ಅಂದಿದ್ರೆ ಮುಗೀತಿತ್ತಲ್ಲ. ನಿಮ್ಮ ದೀಕ್ಷೆ ದಿವಸ ನಿಮ್ಮ ಜನಿವಾರದಲ್ಲಿ ಪೆಟ್ಟಿಗೆ ಬೀಗದ ಕೈ ಇತ್ತು. ನಾನು ಬೀಗದ ಕೈ ಬಿಚ್ಚಿಸಿದೆ. ಜನಿವಾರ ಮುಟ್ಟಿದ್ನೇನ್ರೀ?"

ಸುಬ್ಬಕೃಷ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನದಕ್ಕೊಂದು ನ್ಯಾಯ, ಗೆಳೆಯನದಕ್ಕೊಂದು ನ್ಯಾಯ. ವಕೀಲನಂತೆ, ವಕೀಲ! ಭಾನುವಾರ ಮೊದಲ ಬಸ್ಸಿಗೇ ಗುಬ್ಬಿಗೆ ಹೋದ.

ಏಕಾಂತಯ್ಯನ ತಾಯಿ ಪುಟ್ಟಗಂಗಮ್ಮ ಅವಲಕ್ಕಿ, ಕಾಫಿ ತಂದಿಟ್ಟರು. "ಚೆನ್ನಾಗಿದೀಯೇನಪ್ಪ? ತುಮಕೂರಿಂದ ಬಂದೋನು ಮೂರು ದಿನ ಊಟಾನೇ ಬುಟ್ಟುಬುಟ್ಟಿದ್ದ. ಏನೋ ವ್ರತ ಅಂದ. ನೀನಾದ್ರೂ ಬುದ್ಧಿ ಹೇಳಪ್ಪ, ನಿನ್ನ ಮಾತು ಕೇಳ್ತಾನೆ" ಎಂದು ಒಳಗೆ ಹೋದರು.

ಸುಬ್ಬಕೃಷ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ತಪ್ಪಾಯ್ತು ಕಣೋ. ಬಟ್ಟೇಲಿ ಕಟ್ಕೊಂಡಿದ್ರೆ ಸಾಕಿತ್ತಂತೆ. ನಾನು ಯೋಚನೇನೇ ಮಾಡ್ಲಿಲ್ಲ. ನಿನ್ನ ಕೈಲಿ ಮಾಡಬಾರದ್ದು ಮಾಡಿಸಿದೆ."

"ನೀನು ಬಿಚ್ಚು ಅಂದೆ. ಬಿಚ್ಚಿದ ಕೈ ನಂದು" ಅಂದ ಏಕಾಂತಯ್ಯ. ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. "ಅದಕ್ಕೆ ಉಪವಾಸ ಮಾಡಿದೆ, ಗುರುಗಳ ಹತ್ರ ಹೇಳ್ಕೊಂಡೆ, ಮುಗೀತು. ನಾನು ಬರದೇ ಇರೋದು ಅದಕ್ಕಲ್ಲ."

"ಮತ್ಯಾಕೆ?"

"ಅಲ್ಲಿ ಯಾರನ್ನು ನಂಬ್ತೀರಿ ಅಂತ ಕೇಳಿದ್ರಲ್ಲ, ದೇವರನ್ನು ಅಂದೆ. ಅದು ಸುಳ್ಳು ಕಣೋ ಸುಬ್ಬು. ಆವತ್ತು ದೇವರನ್ನ ತಟ್ಟೇಲಿಟ್ಟು ನಾನು ನಂಬಿದ್ದು ನಿನ್ನ."

ಪುಟ್ಟಗಂಗಮ್ಮ ಬಾಗಿಲಿಗೆ ಬಂದು ಸುಬ್ಬಕೃಷ್ಣನ ಅವಲಕ್ಕಿ ತಟ್ಟೆ ನೋಡಿ, "ಯಾಕಪ್ಪ, ಹಾಗೇ ಬುಟ್ಟಿದೀಯ? ನಿಂದೂ ವ್ರತಾನಾ?" ಎಂದು ಕೇಳಿದರು.